ಪಿಡಿಎಫ್ ಮೇಷ್ಟ್ರು

ಕನ್ನಡ ಪುಸ್ತಕ ಓದುವವರೇ ಇಲ್ಲ ಎಂದು ಯಾರಾದರೂ ಗೊಣಗಿದರೆ ಪಿಡಿಎಫ್ ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರುತ್ತದೆ. ಹಾಗಾದರೆ ತಮ್ಮ ಟೆಲಿಗ್ರಾಂ ಗುಂಪಿನಲ್ಲಿ ಬೆಳಗಾದರೆ ‘ಹೊಸದು ಏನಿದೆ ಸಾರ್?’ ಎಂದು ಬಾಯಿ ತೆರೆದುಕೊಂಡಿರುವ ಅಷ್ಟು ಸಾವಿರ ಜನ ಯಾರು?

ನಿಮ್ಮೂರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೈಸ್ಕೂಲಿನಿಂದ ನಿವೃತ್ತರು, ಪಿಂಚಣಿ ಬರುತ್ತದೆ, ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ. ಪುಸ್ತಕ ಬಿಡುಗಡೆ ಎಂದರೆ ಮೊದಲ ಸಾಲಿನಲ್ಲಿ ಕೂರುತ್ತಾರೆ. ಒಂದು ಪ್ರತಿಯನ್ನು ಪೂರ್ತಿ ಬೆಲೆ ಕೊಟ್ಟೇ ಕೊಳ್ಳುತ್ತಾರೆ. ರಿಯಾಯಿತಿ ಕೇಳಿದರೆ ಸಾಹಿತ್ಯಕ್ಕೆ ಅವಮಾನ ಎಂದು ಅವರ ನಂಬಿಕೆ. ಲೇಖಕರಿಂದ ಸಹಿ ಹಾಕಿಸಿಕೊಂಡು, ಕೈ ಕುಲುಕಿ, ಉಪ್ಪಿಟ್ಟು ತಿಂದು ಮನೆಗೆ ಬರುತ್ತಾರೆ. ರಾತ್ರಿ ಊಟವಾದ ಮೇಲೆ ಮೇಜು ಒರೆಸಿ, ಟ್ಯೂಬ್‌ಲೈಟಿನ ಕೆಳಗೆ ಪುಸ್ತಕವನ್ನು ಅಂಗಾತ ಮಲಗಿಸಿ, ಅದರ ಬೆನ್ನು ಲಟಕ್ಕೆನ್ನುವವರೆಗೆ ಅದುಮುತ್ತಾರೆ. ಎಡಗೈ ಹೆಬ್ಬೆರಳು ಪುಟದ ಮೇಲೆ, ಬಲಗೈಯಲ್ಲಿ ಮೊಬೈಲು. ಬೆಳಗಿನ ಕಾಫಿಯ ಹೊತ್ತಿಗೆ ಪುಸ್ತಕ ದಾವಣಗೆರೆ, ದುಬೈ, ಡಲ್ಲಾಸ್ ಎಲ್ಲ ಕಡೆ ತಲುಪಿಬಿಟ್ಟಿರುತ್ತದೆ. ಉಳಿದ ಪುಟಗಳು ಓರೆಕೋರೆಯಾದರೂ, ‘ಅನುಮತಿಯಿಲ್ಲದೆ ಯಾವ ಭಾಗವನ್ನೂ ನಕಲು ಮಾಡುವಂತಿಲ್ಲ’ ಎಂದು ಅಚ್ಚಾಗಿರುವ ಪುಟ ಮಾತ್ರ ಯಾವಾಗಲೂ ನೆಟ್ಟಗೆ, ಸ್ಪಷ್ಟವಾಗಿ ಬಂದಿರುತ್ತದೆ. ಅದರ ಕೆಳಗೆ ಮೇಷ್ಟ್ರ ಸ್ವಂತ ಸೇರ್ಪಡೆ: ‘ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ.’

ಇಂಥವರನ್ನು ಹಿಡಿಯಲು ಕಾನೂನಿಲ್ಲವೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆಯುಂಟು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡವುಂಟು. ಇದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿಯೂ ಆಗಿದೆ. ಕಳ್ಳನ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಇಂಗ್ಲಿಷಿನವರು ಅನಾಮಿಕನಿಗೆ ಜಾನ್ ಡೋ ಎಂದು ಹೆಸರಿಟ್ಟರೆ, ನಮ್ಮಲ್ಲಿ ‘ಅಶೋಕ್ ಕುಮಾರ್’ ಎಂದು ನಾಮಕರಣ ಮಾಡಿ ದಾವೆ ಹೂಡುತ್ತಾರೆ. ಸಿನಿಮಾದವರು ಚಿತ್ರ ತೆರೆಗೆ ಬರುವ ಮುಂಚೆಯೇ ಈ ಅಶೋಕ್ ಕುಮಾರನ ಮೇಲೆ ತಡೆಯಾಜ್ಞೆ ತಂದಿಟ್ಟುಕೊಳ್ಳುವುದೂ ಉಂಟು. ನಮ್ಮ ಅಶೋಕ್ ಕುಮಾರರನ್ನು ಪತ್ತೆ ಮಾಡಲು ಕೋರ್ಟೂ ಬೇಕಿಲ್ಲ. ಪ್ರತಿ ಪುಟದ ಎಡ ಅಂಚಿನಲ್ಲೂ ಉಗುರಿನ ಮೇಲೆ ಕಪ್ಪು ಕಲೆಯಿರುವ ಆ ಹೆಬ್ಬೆರಳು ಹಾಜರಿರುತ್ತದೆ. ಕನ್ನಡದ ಓದುಗರಿಗೆ ಎಷ್ಟೋ ಲೇಖಕರ ಮುಖಕ್ಕಿಂತ ಅದೇ ಹೆಚ್ಚು ಪರಿಚಿತ.

ಆದರೆ ದಾವೆ ಹೂಡುವವರು ಯಾರು? 250 ರೂಪಾಯಿಯ ಪುಸ್ತಕ, ನೂರಕ್ಕೆ ಹತ್ತರಂತೆ ಗೌರವಧನ, ಅಚ್ಚಾದದ್ದು ಸಾವಿರ ಪ್ರತಿ. ಅಷ್ಟೂ ಮಾರಾಟವಾಗಿ, ಪ್ರಕಾಶಕರು ಅಷ್ಟನ್ನೂ ಕೊಟ್ಟರೆ (ಎರಡೂ ಒಟ್ಟಿಗೆ ಆಗುವುದು ಗ್ರಹಣದಷ್ಟೇ ಅಪರೂಪ) ಲೇಖಕರಿಗೆ ಬರುವುದು 25,000. ವಕೀಲರ ಎದುರು ಕುರ್ಚಿ ಎಳೆದುಕೊಂಡು ಕೂತರೆ ಅದು ಕರಗಿತು. ಟೆಲಿಗ್ರಾಂನವರಿಗೆ ದೂರು ಕೊಟ್ಟು ತೆಗೆಸೋಣವೆಂದರೆ, ಪ್ರತಿಯೊಂದು ಕೊಂಡಿಯನ್ನೂ ಹುಡುಕಿ ಬರೆದುಕೊಡಬೇಕು. ಹುಡುಕಲು ಪ್ರಕಾಶಕರೇ ಮೇಷ್ಟ್ರ ಗುಂಪಿಗೆ ಸೇರಬೇಕು, ಮೇಷ್ಟ್ರು ಕೈಮುಗಿದು ಸ್ವಾಗತಿಸುತ್ತಾರೆ. ನಿಯಮದ ಪ್ರಕಾರ 36 ಗಂಟೆಯೊಳಗೆ ಕೊಂಡಿ ಮುಚ್ಚಬೇಕು. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಮೇಷ್ಟ್ರು ಅಷ್ಟು ದಿನ ಯಾಕೆ ಕಾಯುತ್ತಾರೆ, ಸಂಜೆಯೊಳಗೆ ‘ಗುಂಪು-2’ ಶುರು. ಕೋಚಿಂಗ್ ಪುಸ್ತಕಗಳ ಮೊಕದ್ದಮೆಯೊಂದರಲ್ಲಿ, ನಕಲು ಹಂಚುವವರ ವಿವರ ಕೊಡಿ ಎಂದು ದೆಹಲಿ ಹೈಕೋರ್ಟು 2022ರಲ್ಲಿ ಟೆಲಿಗ್ರಾಂಗೆ ಆದೇಶಿಸಿದಾಗ ಮೇಷ್ಟ್ರು ಒಂದು ವಾರ ಮೌನವಾಗಿದ್ದರು. ಆಮೇಲೆ ಆ ತೀರ್ಪಿನದೇ ಪಿಡಿಎಫ್ ಹಾಕಿದರು.

ಕೃತಿಸ್ವಾಮ್ಯದ ವಿಚಾರ ಅವರಿಗೆ ತಿಳಿಯದ್ದಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಂದು ಬೆರಳೆಣಿಸಿ ಹೇಳುತ್ತಾರೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ತಮ್ಮ ಕಾಲದಲ್ಲೇ ಪ್ರಕಟಿಸಿದ ಕಾದಂಬರಿಗಳು 2024ರಿಂದ ಮುಕ್ತ. ಅವನ್ನು ಹಂಚಿದರೆ ಯಾರೂ ಕೇಳುವಂತಿಲ್ಲ. ಆದರೆ ಅವುಗಳ ಮೇಲೆ ಮೇಷ್ಟ್ರಿಗೆ ಈಗ ಉತ್ಸಾಹವಿಲ್ಲ. ‘ಅದನ್ನು ಯಾರು ಬೇಕಾದರೂ ಹಾಕಬಹುದಲ್ಲ’ ಎನ್ನುತ್ತಾರೆ. ‘ಹಾಗಾದರೆ ಕುವೆಂಪು?’ ಎಂದರೆ ಕಣ್ಣರಳುತ್ತದೆ. ‘ತೀರಿಕೊಂಡದ್ದು 1994. ಅಂದರೆ 2054 ಮುಗಿಯೋವರೆಗೆ ಕಾಯಬೇಕು. ಅಲ್ಲೀವರೆಗೆ ನಾನಿರ್ತೀನಾ?’

ಒಂದೇ ಒಂದು ಸಲ ಅವರು ಕೃತಿಸ್ವಾಮ್ಯದ ಪರವಾಗಿ ಗುಡುಗಿದ್ದುಂಟು. ಶಿವಮೊಗ್ಗ ಕಡೆಯ ಯಾರೋ ಇವರ ಸ್ಕ್ಯಾನ್ ಎತ್ತಿಕೊಂಡು, ಹೆಬ್ಬೆರಳನ್ನು ಕತ್ತರಿಸಿ, ತನ್ನ ಹೆಸರಿನಲ್ಲಿ ಹರಿಯಬಿಟ್ಟಿದ್ದ. ‘ರಾತ್ರಿಯೆಲ್ಲ ನಿದ್ದೆಗೆಟ್ಟವನು ನಾನು. ಒಂದು ಮಾತು ಕೇಳುವ ಸೌಜನ್ಯವೂ ಬೇಡವೇ?’ ಅಂದಿನಿಂದ ಪ್ರತಿ ಪುಟಕ್ಕೂ ಅಡ್ಡಡ್ಡ ಅವರ ಹೆಸರು ಬಿತ್ತು; ಅದರಡಿ ಸಿಕ್ಕ ಅಕ್ಷರಗಳನ್ನು ಊಹಿಸಿಕೊಂಡು ಓದಬೇಕು. ಬರೀ ಬೆವರು ಸುರಿಸಿದ ಮಾತ್ರಕ್ಕೆ ಕೃತಿಸ್ವಾಮ್ಯ ಸಿಗದು ಎಂದು ಸುಪ್ರೀಂ ಕೋರ್ಟು ಹಿಂದೆಯೇ ಹೇಳಿದೆಯೆಂದು ಗುಂಪಿನಲ್ಲಿದ್ದ ವಕೀಲರೊಬ್ಬರು ತಿಳಿಸಿಕೊಟ್ಟರು. ವಕೀಲರನ್ನು ಗುಂಪಿನಿಂದ ತೆಗೆದುಹಾಕಲಾಯಿತು.

ನನ್ನ ಕಾದಂಬರಿಕಾರ ಮಿತ್ರರೊಬ್ಬರು ಈ ಮೇಷ್ಟ್ರ ಮೇಲೆ ದೂರು ಕೊಟ್ಟೇ ತೀರುವುದೆಂದು ಹೊರಟಿದ್ದರು. ಅಷ್ಟರಲ್ಲಿ ಅವರಿಗೆ ಓದುಗರ ಕರೆಗಳು ಶುರುವಾದವು. ಜನ್ಮದಲ್ಲಿ ಕಾಣದಷ್ಟು ಕರೆಗಳು! ‘ಎಂಥ ಧೈರ್ಯದ ತಂತ್ರ ಸಾರ್! ನಾಯಕಿ ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಿರ್ತಾಳೆ, ಮುಂದಿನ ಸಾಲಿಗೆ ಮಗುವಿನ ನಾಮಕರಣ!’ ವಿಮರ್ಶಕರೊಬ್ಬರಂತೂ ಆ ಎರಡರ ನಡುವಿನ ಮೌನವನ್ನು ಮೆಚ್ಚಿ ಮೂರು ಪ್ಯಾರಾ ಬರೆದರು. ಮಿತ್ರರು ಗಾಬರಿಯಾಗಿ ತೆಗೆದು ನೋಡಿದರೆ, 113ನೇ ಪುಟವಾದ ಮೇಲೆ ನೇರ 116. ತೂಕಡಿಕೆಯಲ್ಲಿ ಮೇಷ್ಟ್ರು ಒಂದು ಹಾಳೆ ಹಾರಿಸಿದ್ದರು.

ಫೋನಿನಲ್ಲಿ ಮೇಷ್ಟ್ರು ನಿಜಕ್ಕೂ ನೊಂದುಕೊಂಡರು. ‘ತಪ್ಪಾಯ್ತು ಸಾರ್. ನನ್ನ ಪ್ರತಿಯನ್ನ ತಂಗಿ ಮಗಳು ಓದೋಕೆ ಒಯ್ದಿದ್ದಾಳೆ. ನಿಮ್ಮತ್ರ ಒಂದು ಪ್ರತಿ ಇರಬೇಕಲ್ಲ...’

ಕಾದಂಬರಿ ಕಳುವಾದರೆ ಸಹಿಸಬಹುದು, ನಾಯಕಿ ಮದುವೆಯಿಲ್ಲದೆ ಹೆತ್ತಳೆಂಬ ಸುದ್ದಿ ಡಲ್ಲಾಸ್‌ವರೆಗೆ ಹರಡಿದರೆ? ಮಿತ್ರರು ಅಂದೇ ರಾತ್ರಿ ಮೇಜು ಒರೆಸಿ, ಟ್ಯೂಬ್‌ಲೈಟಿನ ಕೆಳಗೆ 114 ಮತ್ತು 115ನೇ ಪುಟಗಳ ಫೋಟೊ ತೆಗೆದು ಕಳಿಸಿದರು. ಬೆಳಿಗ್ಗೆ ಗುಂಪಿನಲ್ಲಿ ದಪ್ಪಕ್ಷರದಲ್ಲಿ ಪ್ರಕಟಣೆ ಬಂತು: ‘ಲೇಖಕರೇ ಖುದ್ದಾಗಿ ಪರಿಶೀಲಿಸಿದ ಪರಿಷ್ಕೃತ ದ್ವಿತೀಯ ಮುದ್ರಣ.’

ಹತ್ತು ಗಂಟೆಗೆ ಪ್ರಕಾಶಕರ ಫೋನು. ‘ಏನ್ ಸಾರ್, ಮೊದಲನೇ ಮುದ್ರಣದ ಬಂಡಲ್ಲೇ ಇನ್ನೂ ಗೋದಾಮಿನಲ್ಲಿ ಬಿದ್ದಿದೆ. ನನಗೊಂದು ಮಾತೂ ಹೇಳದೆ ಎರಡನೇ ಮುದ್ರಣಾನ ಯಾರಿಗೆ ಕೊಟ್ರಿ?’