ಹುಣ್ಣಿಮೆಗೆ ಖಾನಾವಳಿ, ಉಳಿದ ದಿನ ಮನಿ

ನೀರಿಗೆ ಜಾತಿ ಇಲ್ಲ ಅಂತ ಭಾಷಣ ಮಾಡುವವರು ಒಮ್ಮೆ ನಳದ ಅರ್ಜಿ ನಮೂನೆ ತರಿಸಿಕೊಂಡು ನೋಡಬೇಕು. ನಮ್ಮ ರಾಜ್ಯದ ಊರುಗಳಲ್ಲಿ ನಳದ ನೀರಿಗೆ ಮೂರು ಜಾತಿ: ಗೃಹಬಳಕೆ, ಗೃಹೇತರ, ವಾಣಿಜ್ಯ. ನಮ್ಮ ಸವದತ್ತಿಯಲ್ಲಂತೂ ಅದೇ ಮಲಪ್ರಭೆ ನದಿ, ಅದೇ ಪೈಪು. ಆದರೆ ಅಡುಗೆಮನೆಯಲ್ಲಿ ಇಳಿದರೆ ಅಗ್ಗ, ಸಾಲಿ-ಕಚೇರಿಯಲ್ಲಿ ಇಳಿದರೆ ತುಟ್ಟಿ, ಹೋಟೆಲಿನಲ್ಲಿ ಇಳಿದರೆ ಬಲು ತುಟ್ಟಿ. ಬೆಂಗಳೂರಿನ ಲೆಕ್ಕ ಕೇಳಿದರೆ ಅಂತರ ತಿಳಿಯುತ್ತದೆ. ಅಲ್ಲಿ 2014ರ ದರದ ಪ್ರಕಾರ ಮನೆಯವರಿಗೆ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ; ಮನೆಯಲ್ಲದ ಬಳಕೆಗೆ ಮೊದಲ ಮೆಟ್ಟಿಲಿನಲ್ಲೇ 50 ರೂಪಾಯಿ. 2025ರಲ್ಲಿ ದರ ಏರಿಸುವವರೆಗೂ ಹೀಗೇ ನಡೆಯಿತು. ಇಷ್ಟು ಅಂತರ ಇದ್ದ ಮೇಲೆ ಯಾವ ಹೋಟೆಲಿಗೆ ತಾನೇ ಮನೆಯಾಗುವ ಆಸೆ ಬರುವುದಿಲ್ಲ ಹೇಳಿ?

ಈ ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ದೊಡ್ಡ ನಗರದ ಬಡಾವಣೆ. ಅಲ್ಲಿ ಮನೆಯೆಂದರೆ ಮನೆ, ಅಂಗಡಿಯೆಂದರೆ ಅಂಗಡಿ. ಅವರನ್ನು ಸವದತ್ತಿಯ ಹಳೇ ಪೇಟೆಗೆ ಕರೆದುಕೊಂಡು ಬರಬೇಕು. ಮುಂದಿನ ಖೋಲಿಯಲ್ಲಿ ಕಿರಾಣಿ ಅಂಗಡಿ, ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಅಡುಗೆಮನೆಯಲ್ಲಿ ಮಾರಾಟಕ್ಕೆ ರೊಟ್ಟಿ ಬಡಿಯುವ ಸಪ್ಪಳ, ಹಿತ್ತಲಲ್ಲಿ ಎರಡು ಎಮ್ಮೆ. ಇಷ್ಟಕ್ಕೂ ಒಂದೇ ನಳ. ಇನ್ನು ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತೆನ್ನಿ, ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ. ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಎಲ್ಲದರಿಂದಲೂ ಉಧೋ ಉಧೋ. ಆ ನಾಲ್ಕು ದಿನ ಊರಿನ ಎಷ್ಟೋ ಮನೆಗಳು ತಾವೇ ಖಾನಾವಳಿ, ತಾವೇ ಲಾಡ್ಜು. ಹುಣ್ಣಿಮೆ ಕಳೆದ ಮರುದಿನ ಮತ್ತೆ ಸಂಸಾರಸ್ಥ ಮನೆ. ಚಂದ್ರನ ಜೊತೆ ಏರಿ ಇಳಿಯುವ ದರಪಟ್ಟಿಯನ್ನು ಯಾವ ಅಧಿಕಾರಿ ಬರೆದಾನು?

ನಳ ಯಾವ ಜಾತಿಯದೆಂದು ತನಿಖೆಗೆ ಬಂದ ಪುರಸಭೆಯ ಹುಡುಗನಿಗೂ ಮನೆಯೊಡತಿಗೂ ನಡೆಯಬಹುದಾದ ಮಾತುಕತೆ ಇಷ್ಟು:

“ಅಕ್ಕಾರ, ಇದು ಮನೀನೋ ಖಾನಾವಳೀನೋ?”

“ಮನೀನ ಐತೆಪಾ ತಮ್ಮಾ. ಮುಂದಿನ ಖೋಲ್ಯಾಗ ನಾಕ ಮಂದಿ ಉಂಡ ಹೊಕ್ಕಾರ, ಅಷ್ಟ.”

“ರೊಕ್ಕಾ ಕೊಡ್ತಾರೇನ್ರೀ?”

“ಕೊಡ್ತಾರ. ಬೀಗರು ಬಂದ್ರೂ ಹೋಗೂ ಮುಂದ ಹುಡುಗರ ಕೈಯಾಗ ರೊಕ್ಕಾ ಇಟ್ಟ ಹೋಗಂಗಿಲ್ಲೇನ?”

“ಹೊರಗ ಬೋರ್ಡ್ ಹಾಕೀರಲ್ರೀ, ಊಟಕ್ಕ ಇಷ್ಟ ಅಂತ?”

“ಬೀಗರಿಗೆ ಬಾಯಿಬಿಟ್ಟ ಹೇಳಾಕ ನಾಚಿಕಿ ಬರ್ತದ, ಅದಕ್ಕ ಬರದ ಹಾಕೇವಿ. ನೀನೂ ಕುಂಡ್ರ, ಎರಡ ರೊಟ್ಟಿ ತಿನ್ನು.”

ಹುಡುಗ ಜುಣಕ ರೊಟ್ಟಿ ತಿಂದು ಮೀಸೆ ಒರೆಸಿಕೊಂಡು ‘ಗೃಹಬಳಕೆ’ ಅಂತ ಬರೆದುಕೊಂಡು ಹೋದರೆ ತಪ್ಪು ಯಾರದು? ಉಂಡ ಮನೆಯ ಜಂತಿ ಎಣಿಸಬಾರದು ಅಂತ ಹಿರಿಯರೇ ಹೇಳಿಬಿಟ್ಟಿದ್ದಾರೆ. ನಳ ಎಣಿಸಬಹುದೋ ಇಲ್ಲವೋ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಜಾತಿ ಕೇಳದೆ ನೀರು ಅಳೆಯುವ ಮೀಟರ್ ಅನ್ನುವ ಪ್ರಾಣಿ ಮಾತ್ರ ಸಾಧು. ಹಿತ್ತಾಳೆಯ ಗುಂಡು ಮೈ, ಮೇಲೊಂದು ಮುಚ್ಚಳ. ಮುಚ್ಚಳ ಎತ್ತಿದರೆ ಗಾಜಿನ ಕೆಳಗೆ ಕರೀ ಅಂಕಿ, ಕೆಂಪು ಅಂಕಿ, ಮಗ್ಗುಲಿಗೊಂದು ಪುಟ್ಟ ಚಕ್ರ. ಕರೀ ಅಂಕಿ ಸಾವಿರ ಲೀಟರಿನ ಲೆಕ್ಕ, ಕೆಂಪು ಅಂಕಿ ಅದರೊಳಗಿನ ಚಿಲ್ಲರೆ. ಸಾವಿರ ಲೀಟರ್ ಎಂದರೆ 15 ಲೀಟರಿನ ಕೊಡದಲ್ಲಿ ಹೆಚ್ಚುಕಡಿಮೆ 66 ಕೊಡ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕೆಂಬುದು ಕೇಂದ್ರ ಸರ್ಕಾರದ ಮಾನದಂಡ. ಐದು ಜನರ ಮನೆಗೆ ತಿಂಗಳಿಗೆ 20,000 ಲೀಟರ್ ದಾಟಿತು. ಹೊತ್ತು ತಂದರೆ 1,300ಕ್ಕೂ ಹೆಚ್ಚು ಕೊಡ! ಅಷ್ಟು ಹೊತ್ತ ನಡ ಬಿಲ್ಲು ನೋಡಿ ಬೈಯುವುದಿಲ್ಲ. ಬೈಯುವುದು ಯಾವಾಗಲೂ ಎಂದೂ ಕೊಡ ಹೊರದ ಗಂಡಸರೇ.

ಆದರೆ ಮೀಟರಿಗೆ ಒಂದು ದೌರ್ಬಲ್ಯ ಇದೆ. ತನ್ನ ಹೊಟ್ಟೆಯೊಳಗೆ ಹಾಯ್ದದ್ದು ನೀರೋ ಗಾಳಿಯೋ ಅದಕ್ಕೆ ತಿಳಿಯುವುದಿಲ್ಲ. ಇಪ್ಪತ್ತನಾಲ್ಕು ತಾಸು ಪೈಪು ತುಂಬಿರುವ ಕಡೆ ಇದು ದೋಷವೇ ಅಲ್ಲ. ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದೇ ದೊಡ್ಡ ತಂಟೆ. ವಾಲ್ವ್ ತಿರುವಿದ ಕೂಡಲೇ ಖಾಲಿ ಪೈಪಿನೊಳಗಿನ ಗಾಳಿ ನೀರಿಗಿಂತ ಮುಂದೆ ಓಡಿ ಬರುತ್ತದೆ. ನಳ ‘ಸುಂಯ್’ ಅನ್ನುತ್ತದೆ, ಎರಡು ಸಲ ಕೆಮ್ಮುತ್ತದೆ, ಕೊಡದೊಳಗೆ ಒಂದು ಹನಿ ಬಿದ್ದಿರುವುದಿಲ್ಲ. ಮೀಟರಿನ ಚಕ್ರ ಮಾತ್ರ ಗರಗರ. ಗಾಳಿಗೆ ಯಾವ ದರ, ಗೃಹಬಳಕೆಯದೋ ವಾಣಿಜ್ಯದ್ದೋ, ಅದನ್ನು ನಿಯಮದಲ್ಲಿ ಯಾರೂ ಬರೆದಿಲ್ಲ. ಇದರ ಮೇಲೆ ಒಬ್ಬ ಪುಣ್ಯಾತ್ಮ ನಳಕ್ಕೇ ಮೋಟರ್ ಹಚ್ಚಿ ಓಣಿಯ ನೀರನ್ನೆಲ್ಲ ತನ್ನ ಹೌದಿಗೆ ಎಳೆದುಕೊಂಡರೆ, ಅವನ ಮೀಟರ್ ಅದನ್ನೂ ನಿಯತ್ತಿನಿಂದ ಬರೆದುಕೊಳ್ಳುತ್ತದೆ. ನೆರೆಯವರ ಶಾಪ ಬರೆದುಕೊಳ್ಳುವ ಮೀಟರ್ ಇನ್ನೂ ಬಂದಿಲ್ಲ.

ಹಾಗಾದರೆ ಇಡೀ ದಿನ ನೀರು ಕೊಡುವುದು ಆಗದ ಮಾತೇ? ಆಗುತ್ತದೆ, ನಮ್ಮ ನೀರಿನಿಂದಲೇ ಆಗಿದೆ! ಸವದತ್ತಿಯ ಮಗ್ಗುಲಲ್ಲೇ ನವಿಲುತೀರ್ಥದ ಅಣೆಕಟ್ಟು. ಅದರ ಹಿಂದೆ ರೇಣುಕಾ ಸಾಗರ, ತುಂಬಿದರೆ 37.73 ಟಿಎಂಸಿ. ಇಲ್ಲಿಂದ ಎತ್ತಿದ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಧಾರವಾಡ, ಹುಬ್ಬಳ್ಳಿ ಸೇರುತ್ತದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ಹೊಸ ಪೈಪು ಹಾಕಿ, ಮನೆಮನೆಗೆ ಮೀಟರ್ ಕೂಡಿಸಿ, ಇಪ್ಪತ್ತನಾಲ್ಕು ತಾಸು ನೀರು ಬಿಟ್ಟರು. ‘ಇವತ್ತ ನೀರ ಬಿಡ್ತಾರೇನು?’ ಅನ್ನುವ ಪ್ರಶ್ನೆಯೇ ಆ ಓಣಿಗಳಲ್ಲಿ ಬಂದ್ ಆಯಿತು. ದೀಪದ ಬುಡಕ್ಕೆ ಕತ್ತಲೆ ಅನ್ನುವುದು ನಮ್ಮಂಥ ದಂಡೆಯ ಊರಿನವರಿಗೆ ಹೇಳಿಕೊಡಬೇಕಾದ ಗಾದೆಯಲ್ಲ.

ನೀರಿನ ಕರದ ಮಾತು ತೆಗೆಯುವಾಗ ಮಲಪ್ರಭೆಯ ಸೀಮೆಯಲ್ಲಿ ದನಿ ಸ್ವಲ್ಪ ತಗ್ಗಿಸಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದದ್ದು ನೀರಿನ ಕರ ಮತ್ತು ಅಭಿವೃದ್ಧಿ ಕರದ ಸಲುವಾಗಿಯೇ. ಕಾಲುವೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರದ ನೋಟಿಸು ಮುಟ್ಟಿತ್ತು. ಅಂದು ಗೋಲಿಬಾರ್ ಆಗಿ ಜೀವಗಳು ಹೋದವು. ಆ ಬಂಡಾಯದ ಬಿಸಿಯಿಂದಲೇ ರಾಜ್ಯದ ರೈತ ಚಳವಳಿ ಎದ್ದು ನಿಂತಿತು. ನೀರಿಗೆ ಮುಂಚೆ ಬಿಲ್ಲು ಬಂದರೆ ಏನಾಗುತ್ತದೆ ಎನ್ನುವುದನ್ನು ಈ ಸೀಮೆಗೆ ಯಾವ ತಜ್ಞನೂ ಬಂದು ಕಲಿಸಬೇಕಾಗಿಲ್ಲ.

ಹಾಗಂತ ಮೀಟರ್ ಬೇಡ ಅನ್ನುವ ಪಾರ್ಟಿ ನನ್ನದಲ್ಲ. ತಿಂಗಳಿಗಿಷ್ಟು ಅಂತ ಸಾರಾಸಗಟಾಗಿ ನೀರಪಟ್ಟಿ ತುಂಬುವ ಪದ್ಧತಿಯಲ್ಲಿ ನಾಲ್ಕು ಕೊಡ ತುಂಬಿಕೊಳ್ಳುವ ಒಂಟಿ ಮುದುಕಿಗೂ, ಅಂಗಳಕ್ಕೆ ಪೈಪು ಹಿಡಿದು ಜೀಪು ಮೀಯಿಸುವ ಗೌಡರಿಗೂ ಒಂದೇ ಪಾವತಿ. ಅದಕ್ಕಿಂತ ಅಳೆದು ಕೊಡುವುದು ಮೇಲು. ರೊಟ್ಟಿ ಬಡಿದು ಹೊಟ್ಟೆ ಹೊರೆಯುವಾಕೆಯನ್ನೂ ಅರವತ್ತು ಖೋಲಿಯ ಲಾಡ್ಜನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಬೇಡ, ಅಷ್ಟೇ. ಇನ್ನು ಹಿಂದೆ ಮನೆ, ಮುಂದೆ ಹೋಟೆಲ್ ಇಟ್ಟವರು ಎರಡು ನಳ, ಎರಡು ಮೀಟರ್ ಹಾಕಿಸಿಕೊಳ್ಳಲಿ. ಚಹಾಕ್ಕೆ ಗಿರಾಕಿಯಿಂದ ರೊಕ್ಕ ಎಣಿಸಿಕೊಂಡ ಮೇಲೆ ಅದರೊಳಗಿನ ನೀರಿಗೆ ರೊಕ್ಕ ಕೊಡಲು ಅಳಬಾರದು.

ನಿಮ್ಮ ಓಣಿಗೂ ಒಂದು ದಿನ ಮೀಟರ್ ಬರುತ್ತದೆ. ಅದನ್ನು ಕೂಡಿಸಿದ ದಿನವೇ ಶುರುವಿನ ಅಂಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಿಲ್ಲು ಬಂದಾಗ ಸಿಟ್ಟಿಗೇಳುವ ಮೊದಲು ಕರೀ ಅಂಕಿ ತಾಳೆ ನೋಡಿ. ಪೈಪಿನಲ್ಲಿ ನೀರಿರುವಾಗ ಎಲ್ಲ ನಳ ಬಂದ್ ಮಾಡಿ ಆ ಪುಟ್ಟ ಚಕ್ರ ನೋಡಿ. ಆಗಲೂ ತಿರುಗುತ್ತಿದ್ದರೆ ನಿಮ್ಮ ಮನೆಯೊಳಗೇ ಎಲ್ಲೋ ಸೋರುತ್ತಿದೆ. ನೀವು ವರ್ಷಗಟ್ಟಲೆ ಬೈದ ಆ ನೀರು ಬಿಡುವವನಿಗೆ ಆ ದಿನವಾದರೂ ಒಂದು ಕಪ್ಪು ಚಹಾ ಕುಡಿಸಿ.