ಸಂಕ್ಷಿಪ್ತವಾಗಿ ಹೇಳುವುದಾದರೆ

ಚುಟುಕಾಗಿ ಬರೆಯುವುದು ಹೇಗೆಂದು ಹೇಳಿಕೊಡುವ ಪುಸ್ತಕ ತಲೆದಿಂಬಿನಷ್ಟು ದಪ್ಪ ಇರಬಾರದು ಎಂಬುದು ನನ್ನ ಮೊದಲ ನಿಯಮ. ಅಂಗಡಿಯಲ್ಲಿ ಇಂಥದ್ದು ಕಂಡರೆ ಓದುವ ಮುಂಚೆ ಕೈಯಲ್ಲೇ ತೂಗಿ ನೋಡುತ್ತೇನೆ. ಮುನ್ನುಡಿ, ಅರಿಕೆ, ಆರು ಪುಟದ ‘ಎರಡು ಮಾತು’, ಮರುಮುದ್ರಣಕ್ಕೆ ಮತ್ತೆರಡು ಮಾತು ಇಷ್ಟನ್ನೂ ದಾಟಿದ ಮೇಲೆ ಮಿತವಾಗಿ ಬರೆಯಿರಿ ಎಂಬ ಉಪದೇಶ ಎದುರಾದರೆ ಪುಸ್ತಕ ಮೆಲ್ಲಗೆ ಕಪಾಟಿಗೆ ವಾಪಸು.

ತೂಕದ ಪರೀಕ್ಷೆಯಲ್ಲಿ ಪಾಸಾದವರು ವಿಲಿಯಂ ಸ್ಟ್ರಂಕ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಈ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆಂದು 1918ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಬರೀ 43 ಪುಟ. ಮೇಷ್ಟ್ರು ತೀರಿಕೊಂಡ ಮೇಲೆ ಶಿಷ್ಯ ಇ.ಬಿ. ವೈಟ್ 1959ರಲ್ಲಿ ಅದನ್ನು ಪರಿಷ್ಕರಿಸಿದರು. ಮುಂದೆ ಮುದ್ರಣದಿಂದ ಮುದ್ರಣಕ್ಕೆ ಮೈ ಬಂದು ಅದು ನೂರು ಪುಟ ದಾಟಿತು. ಮಿತಭಾಷಿ ಗುರುವನ್ನು ಹೊಗಳುವ ಶಿಷ್ಯರು ಮಿತಭಾಷಿಗಳಾಗಿಯೇ ಇರಬೇಕೆಂದರೆ ಹೇಗೆ?

ಆದರೆ ಪಾಣಿನಿಯ ಮುಂದೆ ಸ್ಟ್ರಂಕ್ ಕೂಡ ವಾಚಾಳಿಯೇ. ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರದಲ್ಲಿರುವುದು ಎರಡೇ ಅಕ್ಷರ, ಎರಡೂ ಅಕಾರ. ಅರ್ಧ ಮಾತ್ರೆ ಉಳಿತಾಯವಾದರೆ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಸಂಭ್ರಮವಂತೆ. ಸರಿ, ಆ ಎರಡು ಅಕ್ಷರ ಹೇಳುವುದೇನು? ಅದಕ್ಕೆ ಪತಂಜಲಿಯ ಮೊರೆ ಹೋಗಬೇಕು. ಅವನ ಗ್ರಂಥದ ಹೆಸರು ಮಹಾಭಾಷ್ಯ. ‘ಮಹಾ’ ಸುಮ್ಮನೆ ಇಟ್ಟದ್ದಲ್ಲ.

ಕನ್ನಡದ ಮಟ್ಟಿಗೆ ನಾವು ಇನ್ನೂ ಮುಂದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥವೇ ಬರೆಯುವವರ ಕೈಪಿಡಿ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ಅದಕ್ಕೂ ಹಿಂದಿನ ವಿಮಲ, ಉದಯ, ನಾಗಾರ್ಜುನರ ಹೆಸರು ಅದರಲ್ಲಿದೆ. ಅವರು ಬರೆದದ್ದು ಮಾತ್ರ ಉಳಿದಿಲ್ಲ. ಬರೆದವರೆಲ್ಲ ಹೋದರು, ದೋಷ ಪಟ್ಟಿ ಮಾಡಿದವನು ಉಳಿದ. ಕರಡು ತಿದ್ದುವವರು ಇದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಬಹುದು.

ಸರ್ಕಾರಿ ಕನ್ನಡದಿಂದ ನೊಂದವರಿಗೆ ಸರ್ ಅರ್ನೆಸ್ಟ್ ಗವರ್ಸ್ ಆಪ್ತರು. ಸ್ವತಃ ಹಿರಿಯ ಅಧಿಕಾರಿಯಾಗಿದ್ದ ಅವರು, ಬ್ರಿಟನ್ನಿನ ಖಜಾನೆ ಇಲಾಖೆ ಕೇಳಿಕೊಂಡದ್ದರಿಂದ, ನೌಕರರಿಗೆ ಬುದ್ಧಿ ಹೇಳಲು 1948ರಲ್ಲಿ ‘ಪ್ಲೇನ್ ವರ್ಡ್ಸ್’ ಬರೆದರು. 1951ರಲ್ಲಿ ಇನ್ನೊಂದು, 1954ರಲ್ಲಿ ಎರಡನ್ನೂ ಸೇರಿಸಿ ಮತ್ತೊಂದು. ಕಡತ ಅಂದಮೇಲೆ ಬೆಳೆಯದೆ ಇರುತ್ತದೆಯೇ!

ಗವರ್ಸ್ ಓದಿದ ಹುಮ್ಮಸ್ಸಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ತಿದ್ದಲು ಕೂತೆ. ಮೂಲ ಹೀಗಿತ್ತು: ‘ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ತಾಂತ್ರಿಕ ಕಾರಣಗಳಿಂದಾಗಿ ನಾಳೆಯ ದಿನದಂದು ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವಂತಹ ಸಂಭವವಿರುವುದರಿಂದ ತಾವುಗಳು ಸಹಕರಿಸಬೇಕಾಗಿ ಕೋರಲಾಗಿದೆ.’ ‘ಈ ಮೂಲಕ’ ಹೋಯಿತು. ‘ತಿಳಿಯಪಡಿಸುವುದೇನೆಂದರೆ’ ಹೋಯಿತು; ತಿಳಿಸುವುದಕ್ಕಲ್ಲದೆ ನೋಟಿಸ್ ಮತ್ತೇತಕ್ಕೆ? ‘ನಾಳೆಯ ದಿನದಂದು’ ಬರೀ ‘ನಾಳೆ’ ಆಯಿತು. ‘ತಾವುಗಳು’ ಎಂಬ ಬಹುವಚನದ ಬಹುವಚನಕ್ಕೂ ಕೈಮುಗಿದೆ. ತಾಂತ್ರಿಕ ಕಾರಣವೆಂದರೆ ಮೋಟಾರ್ ಸುಟ್ಟಿರುವುದು ಎಂದು ವಾಚ್‌ಮನ್ ಹೇಳಿದ. ಕೊನೆಗೆ ಉಳಿದದ್ದು: ‘ಮೋಟಾರ್ ಸುಟ್ಟಿದೆ. ನಾಳೆ ನೀರು ಬರುವುದಿಲ್ಲ.’

ಸಂಜೆಯೊಳಗೆ ಲಿಫ್ಟಿನ ಮುಂದೆ ಜಾತ್ರೆ. ಮೋಟಾರ್ ಸುಟ್ಟದ್ದು ಹೇಗೆ? ಹೋದ ತಿಂಗಳು ತಾನೇ ರಿಪೇರಿಗೆ ದುಡ್ಡು ಎತ್ತಿರಲಿಲ್ಲವೇ? ಟ್ಯಾಂಕರ್ ಯಾಕೆ ತರಿಸಿಲ್ಲ? ಇಷ್ಟು ದಿನ ‘ವ್ಯತ್ಯಯ’ವಾದಾಗ ಯಾರೂ ತಕರಾರು ತೆಗೆದಿರಲಿಲ್ಲ, ಯಾಕೆಂದರೆ ಯಾರೂ ಕೊನೆಯವರೆಗೆ ಓದುತ್ತಿರಲಿಲ್ಲ. ಸಂಘದ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ನನ್ನ ಮೇಲೆ ಹರಿಹಾಯ್ದರು: “ಏನು ಸಾರ್ ಹೀಗೆ ಬರೆದಿದ್ದೀರಿ? ಎಲ್ಲರಿಗೂ ಅರ್ಥವಾಗಿಬಿಟ್ಟಿದೆ!”

ಈ ಸಂಕಟವನ್ನು ಬಲ್ಲವರು ಜಾರ್ಜ್ ಆರ್ವೆಲ್. ಮಬ್ಬು ಬರವಣಿಗೆ ಎಲ್ಲ ಸಲವೂ ಅಜ್ಞಾನದಿಂದ ಬರುವುದಿಲ್ಲ, ಮುಚ್ಚಿಡಬೇಕಾದದ್ದು ಇದ್ದಾಗಲೂ ಬರುತ್ತದೆ ಎಂದು 1946ರ ಪ್ರಬಂಧದಲ್ಲಿ ತೋರಿಸಿ, ಆರು ನಿಯಮ ಕೊಟ್ಟರು. ಆರನೆಯದು ಅಗತ್ಯಬಿದ್ದರೆ ಉಳಿದ ಐದನ್ನೂ ಮುರಿಯಲು ಪರವಾನಗಿ. ಅದನ್ನು ನಾನು ತಪ್ಪದೆ ಪಾಲಿಸುತ್ತೇನೆ.

ಈಗ ಯಾವ ಪುಸ್ತಕ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ, ಬರೆದ ಮೇಲೆ ಏನಾಗಬೇಕೆಂದಿದ್ದೀರಿ ಎಂದು ತಿರುಗಿ ಕೇಳುತ್ತೇನೆ. ಪರೀಕ್ಷೆಯಲ್ಲಿ ಅಂಕ ಬರಬೇಕೇ, ಸ್ಟ್ರಂಕ್. ಕಡತ ಮುಂದಕ್ಕೆ ಹೋಗಬೇಕೇ, ಗವರ್ಸ್. ಜಗಳಕ್ಕೂ ಸೈ ಎನ್ನುವವರಿಗೆ ಆರ್ವೆಲ್. ನಮ್ಮ ಕಾರ್ಯದರ್ಶಿಗೆ ಮಾತ್ರ ಪಾಣಿನಿಯನ್ನು ಸೂಚಿಸಿದ್ದೇನೆ: ಕಾಗದವೂ ಉಳಿಯುತ್ತದೆ, ಯಾರಿಗೂ ಅರ್ಥವೂ ಆಗುವುದಿಲ್ಲ.