ಮಸ್ಕಿ ಗುಡ್ಡದ ಮರಣವಲಯ: ಒಂದು ಶಿಖರಮೀಮಾಂಸೆ

ಪರ್ವತಾರೋಹಣಶಾಸ್ತ್ರದ ಆಚಾರ್ಯರು ಇದುವರೆಗೆ ಹಿಮಾಲಯ, ಆಲ್ಪ್ಸ್ ಎಂದು ಊರೂರು ಅಲೆದರೇ ಹೊರತು ಸಿಂಧನೂರು-ಲಿಂಗಸುಗೂರು-ಮಸ್ಕಿ ಸೀಮೆಯತ್ತ ಕಣ್ಣೆತ್ತಿ ನೋಡಲಿಲ್ಲ. ಅಲ್ಲಿ ಪರ್ವತವೇ ಇಲ್ಲವಲ್ಲ ಎಂಬುದು ಅವರ ಪೂರ್ವಪಕ್ಷ. ಖಂಡನೆ ಸುಲಭ. 2020ರ ಡಿಸೆಂಬರಿನಲ್ಲಿ ನೇಪಾಳ, ಚೀನಾ ಕೂಡಿ ಸಾರಿದಂತೆ ಎವರೆಸ್ಟಿನ ಎತ್ತರ 8848.86 ಮೀಟರ್. ಸಿಂಧನೂರಿನ ಗದ್ದೆಯ ಬದುವೇ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 400 ಮೀಟರ್ ಮೇಲಿದೆ. ಅಂದಮೇಲೆ ನಮ್ಮ ಕಡೆಯ ಕೂಸು ತೊಟ್ಟಿಲಲ್ಲಿರುವಾಗಲೇ ಅಷ್ಟು ಏರಿಯಾಗಿರುತ್ತದೆ. ಉಳಿದದ್ದು 8450 ಮಾತ್ರ. ಅದು ಉದಾಸೀನದಿಂದ ಉಳಿದದ್ದು, ಅಶಕ್ತಿಯಿಂದಲ್ಲ.

ಇನ್ನು ಅಪಾಯ. 8000 ಮೀಟರಿನಿಂದಾಚೆಗೆ ಮರಣವಲಯ ಎನ್ನುತ್ತಾರೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಮೂರನೇ ಒಂದು ಪಾಲು. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಿದುಳು ಬಾಯುತ್ತದೆ, ಬುದ್ಧಿ ಮಂಕಾಗಿ ಇಳಿಯಬೇಕಾದವನು ಇನ್ನೂ ಏರುತ್ತಾನೆ. ಮಸ್ಕಿಯ ಮಲ್ಲಯ್ಯನ ಗುಡ್ಡದಲ್ಲಿ ಆಮ್ಲಜನಕಕ್ಕೆ ಬರವಿಲ್ಲ, ಬರವೇನಿದ್ದರೂ ನೆರಳಿಗೆ. ಏಪ್ರಿಲ್ ಮಧ್ಯಾಹ್ನ ಬಂಡೆ ಕಾದು ಬರಿಗಾಲಿಗೆ ಬೊಬ್ಬೆ ಏಳುತ್ತದೆ. ಆದರೂ ನೀರಿನ ಬಾಟಲಿಯನ್ನು ಬೈಕಿನಲ್ಲೇ ಮರೆತು ಸರಿಯಾಗಿ ಹನ್ನೆರಡಕ್ಕೆ ಹತ್ತುವ ಯುವಕರಿದ್ದಾರೆ. ಬುದ್ಧಿ ಮಂಕಾಗಲು 8000 ಮೀಟರ್ ಬೇಕೇಬೇಕೆಂಬ ಪಾಶ್ಚಾತ್ಯ ಸಿದ್ಧಾಂತ ಇಲ್ಲಿಗೆ ಬಿದ್ದುಹೋಯಿತು. "ಯಪ್ಪಾ, ಹೊತ್ತರ ಇಳೀಲಿ, ಆಮ್ಯಾಲ ಹೋಗು" ಎಂಬ ಮುದುಕಿಯ ಮಾತೇ ನಮ್ಮಲ್ಲಿ ಲಭ್ಯವಿರುವ ಏಕೈಕ ಹವಾಮಾನ ಮುನ್ಸೂಚನೆ.

ಏಕೆ ಏರಬೇಕು? ಇದು ಶಾಸ್ತ್ರದ ಗಂಟಲಮುಳ್ಳು. ಎವರೆಸ್ಟನ್ನು ಏಕೆ ಹತ್ತುತ್ತೀರಿ ಎಂದು 1923ರಲ್ಲಿ ಕೇಳಿದಾಗ ಜಾರ್ಜ್ ಮ್ಯಾಲರಿ, ಅದು ಅಲ್ಲಿದೆಯಲ್ಲ, ಅದಕ್ಕೆ ಅಂದನಂತೆ. ಮರುವರ್ಷ ಜೂನಿನಲ್ಲಿ ಕಾಣೆಯಾದವನ ಹೆಣ ಸಿಕ್ಕಿದ್ದು 1999ರಲ್ಲಿ. ಇದಕ್ಕಿಂತ ಪ್ರೌಢವಾದ ಉತ್ತರ ಸಿಂಧನೂರಿನ ಸುಗ್ಗಿಯಲ್ಲಿ ದೊರೆಯುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ನೆಲ್ಲು, ಚೀಲಕ್ಕೆ 75 ಕಿಲೋ. ಹಮಾಲ ತಲೆಗೆ ಟವೆಲ್ ಸುತ್ತಿ, ಚೀಲವನ್ನು ಬೆನ್ನಿಗೇರಿಸಿ, ಲಾರಿಗೆ ಚಾಚಿದ ಹಲಗೆ ಏರುತ್ತಾನೆ. ನಡುಹಲಗೆಗೆ ಬಂದಾಗ ಅದು ಬಾಗಿ ಪುಟಿಯುತ್ತದೆ. ಆ ಪುಟಿತಕ್ಕೆ ಹೆಜ್ಜೆ ಕೂಡಿಸಿ ಮೇಲೆ ಹೋದವನೇ ಚೀಲವನ್ನು ನಿಟ್ಟಿನ ಮೇಲೆ ಒಗೆದು, ಬೆವರು ಒರೆಸಿಕೊಳ್ಳುತ್ತ ಇಳಿಯುತ್ತಾನೆ. ಶಿಖರದಲ್ಲಿ ಧ್ವಜವಿಲ್ಲ, ಫೋಟೋ ಇಲ್ಲ. ಏಕೆ ಹತ್ತುತ್ತೀ ಎಂದು ಅವನನ್ನು ಕೇಳಿದರೆ ಬರುವ ಉತ್ತರ ಒಂದೇ: "ಲಾರಿ ನಿಂತೈತಲ್ರೀ, ಅದಕ್ಕ."

ಲಿಂಗಸುಗೂರು ತಾಲೂಕಿನದು ವಿಲೋಮಪಂಥ. ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಖರ ನೆಲದೊಳಗಿದೆ. ಪರ್ವತದಲ್ಲಿ ಬಹಳಷ್ಟು ಜನ ಸಾಯುವುದು ಇಳಿಯುವಾಗ. ಹಟ್ಟಿಯವರು ಮೊದಲು ಇಳಿದೇ ಕೆಲಸ ಶುರುಮಾಡುತ್ತಾರೆ. ಮೇಲೇರಿದಷ್ಟೂ ಚಳಿ, ಕೆಳಗಿಳಿದಷ್ಟೂ ಸೆಕೆ. ಅಲ್ಲಿ ಸಿಲಿಂಡರ್ ಹೊತ್ತು ಉಸಿರಾಡಬೇಕು, ಇಲ್ಲಿ ಫ್ಯಾನು ಹಚ್ಚಿ ಗಾಳಿಯನ್ನೇ ಕೆಳಗೆ ನೂಕುತ್ತಾರೆ. ಎವರೆಸ್ಟಿಗೆ ಲಕ್ಷಾಂತರ ರೂಪಾಯಿ ಕಟ್ಟಿ ಹೋಗಬೇಕು, ಹಟ್ಟಿಯಲ್ಲಿ ತಿಂಗಳಿಗೆ ಪಗಾರ ಕೊಡುತ್ತಾರೆ. ತೌಲನಿಕ ಅಧ್ಯಯನವನ್ನು ಇನ್ನು ಬೆಳೆಸುವ ಅಗತ್ಯವಿಲ್ಲ.

ಪ್ರಬಂಧದ ತಿರುಳು ಇರುವುದು ಮಸ್ಕಿಯಲ್ಲೇ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಸುಳಿವು ಹುಡುಕುತ್ತ ಬಂದವನು ಗುಡ್ಡದ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಿದ್ದವನ ಅಶೋಕ ಎಂಬ ಹೆಸರು ಇಲ್ಲಿ ನೇರವಾಗಿ ಸಿಕ್ಕಿತು. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಧರ್ಮದಲ್ಲಿ ನಿಂತರೆ ಎತ್ತರ ಮುಟ್ಟಬಹುದೆಂಬುದು ಅದರ ಭಾವ. ಇತಿಹಾಸಕಾರರು ಇದನ್ನು ಧರ್ಮಲಿಪಿ ಎನ್ನುತ್ತಾರೆ, ಎನ್ನಲಿ. ನಮ್ಮ ಗಮನ ಜಾಗದ ಕಡೆಗೆ. ಶಾಸನ ಗುಡ್ಡದ ನೆತ್ತಿಯ ಮೇಲಿಲ್ಲ, ಇಳಿಜಾರಿನಲ್ಲಿದೆ! ಚಕ್ರವರ್ತಿಯ ಲಿಪಿಕಾರನಿಗೆ ತುದಿ ಮುಟ್ಟುವುದು ಕಷ್ಟವಿತ್ತೇ? ಇಲ್ಲ, ಹೊತ್ತು ನೋಡಿ ಅಲ್ಲೇ ನಿಂತ. 1996ರ ಮೇ 10ರಂದು ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡಕ್ಕೆ ಹಿಂದಿರುಗಬೇಕೆಂಬ ಲೆಕ್ಕ ಮೀರಿ ಏರಿದವರು ಬಿರುಗಾಳಿಗೆ ಸಿಕ್ಕರು. ಎಂಟು ಜನ ಸತ್ತರು. ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಮಸ್ಕಿಯ ಬಂಡೆ ಹೇಳುತ್ತಿರುವ ಪಾಠ ಅವರಿಗೆ ತಲುಪಿರಲಿಲ್ಲ.

ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ನಮ್ಮ ಭಕ್ತರು, ಅದರಲ್ಲೂ ಮರಗಾಲು ಕಟ್ಟಿಕೊಂಡು ಭೀಮನ ಕೊಳ್ಳ ದಾಟುವವರು, ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅವರನ್ನು ಕರೆಸಿಕೊಳ್ಳುವವನು ಮಲ್ಲಯ್ಯ. ದಾರಿಯುದ್ದಕ್ಕೂ ಅನ್ನ ನೀಡಿ ಕಾಲಿಗೆ ಎಣ್ಣೆ ತಿಕ್ಕುವವರಿದ್ದಾರೆ. ಎವರೆಸ್ಟಿನಲ್ಲಿ ಇಂಥ ದಾಸೋಹ ಇದ್ದಂತಿಲ್ಲ.

ಮಸ್ಕಿ ಗುಡ್ಡ ಹತ್ತುವ ಸಂಶೋಧಕರಲ್ಲಿ ವಿನಂತಿ: ಬೆಳಗ್ಗೆ ಒಂಬತ್ತರೊಳಗೆ ಹತ್ತಿ ಇಳಿಯಿರಿ, ನೀರು ಒಯ್ಯಿರಿ. ಬಂಡೆಯ ಮೇಲೆ ನಿಮ್ಮ ಹೆಸರು, ಅದರ ಪಕ್ಕ ಇನ್ನೊಂದು ಹೆಸರು ಕೆತ್ತಬೇಡಿ. ಅಲ್ಲಿ ಅಶೋಕನದು ಒಂದಿದ್ದರೆ ಸಾಕು.